ಧವನ್ ಅಳೆದು ನೋಡಿದರು, ನಾವು ತೂಗಿ ನೋಡಿದೆವು

ಎಪಾಕ್ಸಿಯೋ, ಪಾಲಿಯೆಸ್ಟರೋ? ಎಪಾಕ್ಸಿ ಆದರೆ ಯಾವ ಎಪಾಕ್ಸಿ? ಆರನೇ ಸೆಮಿಸ್ಟರಿನ ನಮ್ಮ ಪ್ರಾಜೆಕ್ಟ್ ಈ ಪ್ರಶ್ನೆಯ ಮುಂದೆ ಮೂರು ವಾರ ನಿಂತಿತ್ತು. ನಾವು ನಾಲ್ವರು ಗೆಳೆಯರು, ಮಾಡೆಲ್ ಹೆಲಿಕಾಪ್ಟರಿಗೆ ಹಗುರವಾದ ಬ್ಲೇಡುಗಳನ್ನು ಕೈಯಾರೆ ಮಾಡಲು ಹೊರಟವರು. ಇಬ್ಬರು ನವಲಗುಂದ ತಾಲೂಕಿನವರು, ಒಬ್ಬ ಅಣ್ಣಿಗೇರಿಯವ, ಒಬ್ಬಳು ಕಲಘಟಗಿಯವಳು. ದಿನಾ ಬಸ್ಸು ಹಿಡಿದು ಹುಬ್ಬಳ್ಳಿಗೆ ಬಂದು ಬಿ.ಇ. ಓದುತ್ತೇವೆ. ಗಾಜಿನ ನಾರಿನ ಬಟ್ಟೆ ಸಿಕ್ಕಿತ್ತು, ಅಚ್ಚು ತಯಾರಾಗಿತ್ತು. ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ರಾಳ ಯಾವುದಿರಬೇಕು ಎಂಬುದೊಂದೇ ತೀರ್ಮಾನ ಆಗಿರಲಿಲ್ಲ. ಅಂಗಡಿಯವರು ಒಂದು ಹೇಳಿದರು, ಸೀನಿಯರುಗಳು ಇನ್ನೊಂದು ಹೇಳಿದರು. ರೆಡಿಮೇಡ್ ಬ್ಲೇಡ್ ಕೊಂಡು ಸುಮ್ಮನಾಗಿ ಎಂದವರೂ ಇದ್ದರು.

ಆಟಿಕೆಯ ಬ್ಲೇಡಿಗೆ ಇಷ್ಟೊಂದು ತಲೆಬಿಸಿ ಯಾಕೆ ಎಂದು ನಿಮಗೆ ಅನ್ನಿಸಬಹುದು. ಒಂದು ಲೆಕ್ಕ ಹೇಳುತ್ತೇನೆ. ನಮ್ಮ ಬ್ಲೇಡಿನ ಉದ್ದ 325 ಮಿ.ಮೀ., ತೂಕ 35 ಗ್ರಾಂ. ಅದು ನಿಮಿಷಕ್ಕೆ 2500 ಸುತ್ತು ತಿರುಗುತ್ತದೆ. ಬ್ಲೇಡಿನ ಭಾರಕೇಂದ್ರ ನಡುಗಂಬದಿಂದ 20 ಸೆಂ.ಮೀ. ದೂರದಲ್ಲಿದೆ ಎಂದುಕೊಂಡರೆ, ಅದರ ಬುಡವನ್ನು ಹೊರಕ್ಕೆ ಎಳೆಯುವ ಬಲ ಸುಮಾರು 49 ಕಿಲೋ ಭಾರಕ್ಕೆ ಸಮ. ಅಂದರೆ ಅರ್ಧ ಕ್ವಿಂಟಲ್ ಕಡಲೆ ಚೀಲವನ್ನು ಒಂದು ಬೋಲ್ಟಿಗೆ ನೇತುಹಾಕಿದ ಹಾಗೆ. ತುದಿಯ ವೇಗ ಗಂಟೆಗೆ 300 ಕಿ.ಮೀ. ದಾಟುತ್ತದೆ. ಬುಡ ಕಿತ್ತು ಹಾರಿದರೆ ಅದು ಆಟಿಕೆ ಅಲ್ಲ. ಹಳ್ಳಿಯಲ್ಲಿ ಇಂಥದ್ದೇನಾದರೂ ಹಾರಿಸಿದರೆ ಸುತ್ತ ಹುಡುಗರು ನೆರೆಯದೇ ಇರುತ್ತಾರೆಯೇ?

ಇದೇ ದಿನಗಳಲ್ಲಿ ನಾನು ಕಾಲೇಜಿನ ಲೈಬ್ರರಿಯಲ್ಲಿ ಸತೀಶ್ ಧವನ್ ಅವರ ಬದುಕಿನ ಬಗ್ಗೆ ಓದತೊಡಗಿದೆ. ಅವರು ತೀರಿಕೊಂಡಿದ್ದು 2002ರಲ್ಲಿ, ನಾನು ಹುಟ್ಟುವ ಮೊದಲೇ. ಶ್ರೀಹರಿಕೋಟದಿಂದ ರಾಕೆಟ್ ಹಾರಿದಾಗಲೆಲ್ಲ ಟಿ.ವಿ.ಯಲ್ಲಿ ಅವರ ಹೆಸರು ಕೇಳುತ್ತಿದ್ದೆ. ಆದರೆ ಆ ಹೆಸರಿನ ಹಿಂದಿನ ಮನುಷ್ಯ ಯಾರು ಎಂದು ಗೊತ್ತಿರಲಿಲ್ಲ. ಓದುತ್ತಾ ಹೋದಂತೆ ನಮ್ಮ ರಾಳದ ಪ್ರಶ್ನೆಯನ್ನು ಹೇಗೆ ಬಿಡಿಸಬೇಕು ಎಂಬ ದಾರಿಯೂ ಕಾಣಿಸಿತು.

ಧವನ್ ಹುಟ್ಟಿದ್ದು 1920ರ ಸೆಪ್ಟೆಂಬರ್ 25ರಂದು, ಶ್ರೀನಗರದಲ್ಲಿ. ಓದಿದ್ದು ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ. ಅವರ ಡಿಗ್ರಿಗಳ ಪಟ್ಟಿ ನೋಡಿದರೆ ನಮ್ಮ ಕಾಲದವರಿಗೆ ಆಶ್ಚರ್ಯವಾಗುತ್ತದೆ. ಗಣಿತ ಮತ್ತು ಭೌತಶಾಸ್ತ್ರದಲ್ಲಿ ಬಿ.ಎ., ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಆಮೇಲೆ 1945ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಬಿ.ಇ. ನಮ್ಮಲ್ಲಿ ಪಿಯುಸಿ ಮುಗಿಯುವಷ್ಟರಲ್ಲಿ ಸೈನ್ಸ್ ಬೇರೆ, ಆರ್ಟ್ಸ್ ಬೇರೆ ಎಂದು ಗೋಡೆ ಎದ್ದಿರುತ್ತದೆ. ಅವರು ಆ ಗೋಡೆಯ ಎರಡೂ ಕಡೆ ಓಡಾಡಿದವರು.

ಬಿ.ಇ. ಮುಗಿದ ಮೇಲೆ ಅವರು ಬಂದದ್ದು ನಮ್ಮ ಬೆಂಗಳೂರಿಗೆ. ಆಗ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂದು ಕರೆಯುತ್ತಿದ್ದ, ಇಂದಿನ ಎಚ್‌ಎಎಲ್‌ನಲ್ಲಿ ಸುಮಾರು ಒಂದು ವರ್ಷ ಕೆಲಸ ಮಾಡಿದರು. ಆಮೇಲೆ ಸ್ಕಾಲರ್‌ಶಿಪ್ ಮೇಲೆ ಅಮೆರಿಕಕ್ಕೆ ಹೋದರು. 1947ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಿಂದ ಎಂ.ಎಸ್. ಪಡೆದರು. ಅದೇ ವರ್ಷ ದೇಶ ಇಬ್ಭಾಗವಾಯಿತು. ಅವರು ಓದಿ ಬೆಳೆದ ಲಾಹೋರ್ ಬೇರೆ ದೇಶದ ಊರಾಗಿಹೋಯಿತು. ಅಲ್ಲಿಂದ ಅವರು ಕ್ಯಾಲ್ಟೆಕ್ ಸೇರಿ ಹಾನ್ಸ್ ಲೀಪ್‌ಮನ್ ಎಂಬ ಪ್ರೊಫೆಸರರ ಕೈಕೆಳಗೆ 1951ರಲ್ಲಿ ಪಿಎಚ್.ಡಿ. ಮುಗಿಸಿದರು.

ಆ ಪಿಎಚ್.ಡಿ.ಯ ವಿಷಯವೇ ನನ್ನನ್ನು ಹಿಡಿದು ನಿಲ್ಲಿಸಿತು. ವಿಮಾನ ಹಾರುವಾಗ ಗಾಳಿ ಅದರ ಮೈಯನ್ನು ಉಜ್ಜಿಕೊಂಡು ಹೋಗುತ್ತದೆ. ಆ ಉಜ್ಜುವಿಕೆ ವಿಮಾನವನ್ನು ಹಿಂದಕ್ಕೆ ಎಳೆಯುತ್ತದೆ. ಎಷ್ಟು ಎಳೆಯುತ್ತದೆ ಎಂಬುದನ್ನು ಬೇರೆ ಅಳತೆಗಳಿಂದ ಲೆಕ್ಕ ಹಾಕಿ ಊಹಿಸುವ ದಾರಿಗಳಿದ್ದವು. ಧವನ್ ಅದನ್ನು ನೇರವಾಗಿ ಅಳೆಯಲು ಹೊರಟರು. ಗಾಳಿ ಸುರಂಗದೊಳಗಿನ ತಟ್ಟೆಯಲ್ಲಿ ಒಂದು ಚಿಕ್ಕ ತುಂಡನ್ನು ಬಿಡಿಸಿ, ಸುತ್ತಲಿನ ಮೈಗೆ ಸಮವಾಗಿ ನಿಲ್ಲುವಂತೆ, ಆದರೆ ಚೂರು ಸರಿದಾಡುವಂತೆ ಕೂಡಿಸಿದರು. ಗಾಳಿ ಉಜ್ಜಿದಾಗ ಆ ತುಂಡು ಎಷ್ಟು ಸರಿಯಿತು ಎಂಬುದರಿಂದ ಬಲವನ್ನು ಅಳೆದರು. ಶಬ್ದಕ್ಕಿಂತ ಕಡಿಮೆ ವೇಗದಲ್ಲೂ ಹೆಚ್ಚಿನ ವೇಗದಲ್ಲೂ ಅಳೆದರು. ಊಹೆ ಇದ್ದ ಜಾಗದಲ್ಲಿ ಒಂದು ಅಂಕಿ ಬಂದು ಕೂತಿತು.

ಇದನ್ನು ಓದಿದ ಮರುದಿನ ನಾವು ಅವರಿವರ ಅಭಿಪ್ರಾಯ ಕೇಳುವುದನ್ನು ನಿಲ್ಲಿಸಿದೆವು. ಒಂದಷ್ಟು ಪಾಲಿಯೆಸ್ಟರ್ ರಾಳ, ಒಂದಷ್ಟು ಎಪಾಕ್ಸಿ ತಂದೆವು. ಒಂದೇ ಅಳತೆಯ ಬಟ್ಟೆಯ ಪಟ್ಟಿಗಳನ್ನು ಕತ್ತರಿಸಿ, ರಾಳ ಹಚ್ಚುವ ಮೊದಲು ಒಮ್ಮೆ, ಗಟ್ಟಿಯಾದ ಮೇಲೆ ಒಮ್ಮೆ ತೂಗಿದೆವು. ಮನೆಯ ತಕ್ಕಡಿಗೆ ಅಷ್ಟು ಸೂಕ್ಷ್ಮ ಸಿಗುವುದಿಲ್ಲ. ಹಾಗಾಗಿ ಊರಿನ ಪತ್ತಾರರ ಅಂಗಡಿಗೆ ಹೋದೆವು. ಚಿನ್ನ ತೂಗುವ ಆ ತಕ್ಕಡಿ ಗ್ರಾಮಿನ ನೂರನೇ ಒಂದು ಭಾಗವನ್ನೂ ತೋರಿಸುತ್ತದೆ. ಬಂಗಾರದ ಜಾಗದಲ್ಲಿ ಅಂಟು ಮೆತ್ತಿದ ಪಟ್ಟಿ ಇಟ್ಟಿದ್ದಕ್ಕೆ ಅವರು ನಕ್ಕರು, ಆದರೆ ತೂಗಿಕೊಟ್ಟರು.

ಇನ್ನು ಧವನ್ ಬೆಂಗಳೂರಿಗೆ ಮರಳಿದ ಕಥೆ. 1951ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆಯನ್ನು ಸೇರಿದರು. ಅಮೆರಿಕದಲ್ಲಿ ಕಂಡಂಥ ದೊಡ್ಡ ಉಪಕರಣಗಳು ಇಲ್ಲಿರಲಿಲ್ಲ. ಇಲ್ಲ ಎಂದು ಕೈಕಟ್ಟಿ ಕೂರಲಿಲ್ಲ. ಕೆಲವೇ ಇಂಚು ಅಗಲದ ಒಂದು ಪುಟ್ಟ ಗಾಳಿ ಸುರಂಗ ಕಟ್ಟಿ, ಶಬ್ದಕ್ಕಿಂತ ವೇಗದ ಗಾಳಿಯನ್ನು ಅದರಲ್ಲಿ ಹರಿಸಿದರು. ಆ ಸಣ್ಣ ಸುರಂಗದಲ್ಲಿ ಕಲಿತದ್ದು ಮುಂದೆ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 1960ರ ದಶಕದಲ್ಲಿ ಕಟ್ಟಿದ ದೊಡ್ಡ ಗಾಳಿ ಸುರಂಗಕ್ಕೆ ಬುನಾದಿಯಾಯಿತು. ಇಲ್ಲಿ ಅವರ ಬಳಿ ಕಲಿತವರಲ್ಲಿ ಒಬ್ಬರು ರೊದ್ದಂ ನರಸಿಂಹ, ಮುಂದೆ ದೇಶದ ದೊಡ್ಡ ವಿಜ್ಞಾನಿಗಳಲ್ಲಿ ಒಬ್ಬರಾದವರು. 1962ರಲ್ಲಿ ಧವನ್ ಆ ಸಂಸ್ಥೆಯ ನಿರ್ದೇಶಕರಾದರು. 1981ರವರೆಗೂ ಆ ಹುದ್ದೆಯಲ್ಲಿದ್ದರು.

ನಮ್ಮ ಪುಟ್ಟ ಪಟ್ಟಿಗಳೂ ನಮಗೆ ಪಾಠ ಹೇಳಿದವು. ಪಾಲಿಯೆಸ್ಟರ್ ಅಗ್ಗ, ಎಪಾಕ್ಸಿಯ ಅರ್ಧ ಬೆಲೆಗೂ ಸಿಗುತ್ತದೆ. ಆದರೆ ಗಟ್ಟಿಯಾಗುವಾಗ ಜಾಸ್ತಿ ಕುಗ್ಗುತ್ತದೆ. ತೆಳುವಾದ ಬ್ಲೇಡು ಕುಗ್ಗಿದರೆ ಸೊಟ್ಟಗಾಗುತ್ತದೆ. ನಾರಿಗೂ ಒಳಗಿನ ಹಗುರ ಕಟ್ಟಿಗೆಗೂ ಎಪಾಕ್ಸಿಯಷ್ಟು ಗಟ್ಟಿಯಾಗಿ ಅದು ಅಂಟುವುದಿಲ್ಲ. ಐದು ನಿಮಿಷದಲ್ಲಿ ಹಿಡಿಯುವ ಟ್ಯೂಬಿನ ಎಪಾಕ್ಸಿ ಮುರಿದ ಕುರ್ಚಿ ಅಂಟಿಸಲು ಒಳ್ಳೆಯದು. ಅದು ದಪ್ಪ, ಬಟ್ಟೆಯ ಎಳೆಗಳ ನಡುವೆ ಇಳಿಯುವ ಮೊದಲೇ ಬಿಗಿಯುತ್ತದೆ. ನಮಗೆ ಬೇಕಾದದ್ದು ನಾರಿನೊಳಗೆ ಇಳಿಯುವ, ಅರ್ಧ ಗಂಟೆಯಾದರೂ ಕೆಲಸ ಮಾಡಲು ಬಿಡುವ ತೆಳು ಎಪಾಕ್ಸಿ. ಕಾಲೇಜು ಲ್ಯಾಬುಗಳಲ್ಲಿ ಬಳಸುವ ಅರಾಲ್ಡೈಟ್ ಎಲ್‌ವೈ 556 ಮತ್ತು ಎಚ್‌ವೈ 951 ಜೋಡಿ, ಲ್ಯಾಪಾಕ್ಸ್ ಎಲ್-12 ಮತ್ತು ಕೆ-6 ಜೋಡಿ ಎರಡೂ ಈ ಜಾತಿಯವು. ಎರಡರಲ್ಲೂ ಸಾಮಾನ್ಯವಾಗಿ 100 ಗ್ರಾಂ ರಾಳಕ್ಕೆ 10 ಗ್ರಾಂ ಹಾರ್ಡನರ್.

ಈ ಹತ್ತು ಗ್ರಾಮಿನ ವಿಷಯದಲ್ಲಿ ನಮ್ಮ ಕಡೆ ಒಂದು ತಪ್ಪು ತಿಳಿವಳಿಕೆ ಇದೆ. ಹಾರ್ಡನರ್ ಜಾಸ್ತಿ ಸುರಿದರೆ ಬೇಗ ಗಟ್ಟಿಯಾಗುತ್ತದೆ ಎನ್ನುತ್ತಾರೆ. ಪಾಲಿಯೆಸ್ಟರಿಗೆ ಹಾಕುವ ಹನಿ ಹಾಲಿಗೆ ಹಾಕುವ ಹೆಪ್ಪಿನ ಹಾಗೆ, ಕೆಲಸ ಶುರು ಮಾಡಿಸುತ್ತದೆ ಅಷ್ಟೇ. ಎಪಾಕ್ಸಿಯ ಹಾರ್ಡನರ್ ಜೋಡೆತ್ತಿನ ಎರಡನೇ ಎತ್ತು. ಅದು ರಾಳದ ಜೊತೆ ನೊಗಕ್ಕೆ ಹೂಡಿಕೊಂಡೇ ಗಟ್ಟಿಯಾಗುವುದು. ಹೆಚ್ಚಾದರೂ ಕಡಿಮೆಯಾದರೂ ಜೋಡಿ ಸಿಗದೆ ಉಳಿದದ್ದು ಒಳಗೇ ಮೆತ್ತಗೆ ಕೂರುತ್ತದೆ. ನಾವು ಒಮ್ಮೆಗೆ ಕಲಸುವುದು 20 ಗ್ರಾಂ ರಾಳ, ಅದಕ್ಕೆ ಹಾರ್ಡನರ್ 2 ಗ್ರಾಂ. ಚಮಚದ ಅಂದಾಜು ಇಲ್ಲಿ ನಡೆಯದು.

ಧವನ್ ಅವರ ಬದುಕಿನ ಮುಂದಿನ ತಿರುವು 1971ರ ಕೊನೆಯಲ್ಲಿ ಬಂತು. ಡಿಸೆಂಬರ್ 30ರಂದು ವಿಕ್ರಮ್ ಸಾರಾಭಾಯ್ ಹಠಾತ್ತನೆ ತೀರಿಕೊಂಡರು. ಧವನ್ ಆಗ ರಜೆ ಮೇಲೆ ಕ್ಯಾಲ್ಟೆಕ್‌ನಲ್ಲಿ ಪಾಠ ಮಾಡುತ್ತಿದ್ದರು. ಬಾಹ್ಯಾಕಾಶ ಕಾರ್ಯಕ್ರಮದ ಹೊಣೆ ಹೊರುವಂತೆ ಪ್ರಧಾನಿ ಇಂದಿರಾ ಗಾಂಧಿಯವರಿಂದ ಕರೆ ಬಂತು. ವಿಜ್ಞಾನ ಸಂಸ್ಥೆಯ ನಿರ್ದೇಶಕನಾಗಿಯೂ ಮುಂದುವರಿಯುತ್ತೇನೆ, ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು ಎಂದು ಕೇಳಿ, ಒಪ್ಪಿಗೆ ಪಡೆದು 1972ರಲ್ಲಿ ಇಸ್ರೋ ಅಧ್ಯಕ್ಷರಾದರು. ಇಸ್ರೋ ಇಂದು ಬೆಂಗಳೂರಿನಲ್ಲಿ ಇರುವುದಕ್ಕೆ ಇದೇ ಕಾರಣ. ಅವರ ಕಾಲದಲ್ಲೇ ಉಡುಪಿ ಕಡೆಯ ಯು.ಆರ್. ರಾವ್ ಅವರ ತಂಡ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ಕಟ್ಟಿತು. 1975ರ ಏಪ್ರಿಲ್ 19ರಂದು ಅದು ಸೋವಿಯತ್ ರಾಕೆಟ್ಟಿನ ಮೇಲೆ ಹಾರಿತು.

ಸ್ವಂತ ರಾಕೆಟ್ ಬೇಕಲ್ಲ? ಅದೇ ಎಸ್‌ಎಲ್‌ವಿ-3. 22 ಮೀಟರ್ ಎತ್ತರ, 17 ಟನ್ ತೂಕ. ಮೇಲಕ್ಕೆ ಒಯ್ಯುವುದು ಮಾತ್ರ 40 ಕಿಲೋದಷ್ಟು. ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ನಾಲ್ಕು ಹಂತಗಳ ಈ ರಾಕೆಟ್ಟಿನ ಕೆಳಗಿನ ಹಂತಗಳಿಗೆ ಉಕ್ಕಿನ ಕವಚ, ಮೇಲಿನ ಹಂತಗಳಿಗೆ ನಾರು ಮತ್ತು ರಾಳದ ಕವಚ. ಯಾಕೆ ಹೀಗೆ? ಕೆಳಗಿನ ಹಂತ ಬೇಗ ಕಳಚಿ ಬೀಳುತ್ತದೆ. ಅಲ್ಲಿ ಒಂದು ಕಿಲೋ ಹೆಚ್ಚಾದರೆ ನಷ್ಟ ಸ್ವಲ್ಪವೇ. ಕೊನೆಯ ಹಂತ ಉಪಗ್ರಹದ ಜೊತೆ ಕಕ್ಷೆಯವರೆಗೂ ಹೋಗುತ್ತದೆ. ಅಲ್ಲಿ ಉಳಿಸಿದ ಒಂದು ಕಿಲೋ ಎಂದರೆ ಉಪಗ್ರಹಕ್ಕೆ ಸಿಕ್ಕ ಒಂದು ಕಿಲೋ. ಎಲ್ಲಾ ಕಡೆಗೂ ಒಂದೇ ವಸ್ತು ಎಂದು ಯಾರೂ ಹಟ ಹಿಡಿಯಲಿಲ್ಲ. ಯಾವ ಜಾಗಕ್ಕೆ ಯಾವುದು ಬೇಕೋ ಅದನ್ನು ಹಾಕಿದರು.

ಬ್ಲೇಡಿನಲ್ಲೂ ಲೆಕ್ಕ ಹೀಗೇ. ನಡುಗಂಬದ ಹತ್ತಿರ ಒಂದು ಗ್ರಾಂ ಹೆಚ್ಚಾದರೆ ತೊಂದರೆ ಕಡಿಮೆ, ತುದಿಯ ಕಡೆ ಹೆಚ್ಚಾದರೆ ಜಾಸ್ತಿ. ಎರಡು ಬ್ಲೇಡುಗಳ ತೂಕದಲ್ಲಿ ಬರೀ ಒಂದು ಗ್ರಾಂ ವ್ಯತ್ಯಾಸವಿದ್ದರೂ ಸುಮಾರು 1.4 ಕಿಲೋ ಭಾರದಷ್ಟು ಬಲ ಹೆಲಿಕಾಪ್ಟರನ್ನು ಸೆಕೆಂಡಿಗೆ 40ಕ್ಕೂ ಹೆಚ್ಚು ಸಲ ಅಲುಗಾಡಿಸುತ್ತದೆ. ಭಾರ ಹೊರುವುದು ನಾರು. ರಾಳದ ಕೆಲಸ ನಾರುಗಳನ್ನು ಜಾಗದಲ್ಲಿ ಹಿಡಿದು, ಒಂದರ ಭಾರವನ್ನು ಇನ್ನೊಂದಕ್ಕೆ ದಾಟಿಸುವುದು. ಅದಕ್ಕಿಂತ ಹೆಚ್ಚಿನ ರಾಳ ಬರೀ ಹೊರೆ. ನಮ್ಮ ಮೊದಲ ಪಟ್ಟಿಯಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ರಾಳವೇ ಇತ್ತು. ಪ್ಲಾಸ್ಟಿಕ್ ಹಾಳೆ ಹೊದಿಸಿ, ಹಲಗೆಗಳ ನಡುವೆ ಒತ್ತಿ ಹೆಚ್ಚಿನದ್ದನ್ನು ಹಿಂಡಿ ತೆಗೆದಾಗ ಅದು ನೂರಕ್ಕೆ ನಲವತ್ತರ ಹತ್ತಿರ ಬಂತು.

ನಾರಿನ ದಿಕ್ಕೂ ಮುಖ್ಯ. ನವಲಗುಂದದ ಜಮಖಾನ ನೇಯುವ ಮನೆಗಳನ್ನು ನೋಡಿ ಬೆಳೆದ ನನಗೆ ಇದು ಬೇಗ ಹೊಳೆಯಿತು. ಹಾಸಿನ ನೂಲಿನ ದಿಕ್ಕಿಗೆ ಎಳೆದರೆ ಜಮಖಾನ ಜಗ್ಗುವುದಿಲ್ಲ, ಮೂಲೆಯಿಂದ ಮೂಲೆಗೆ ಎಳೆದರೆ ಜಗ್ಗುತ್ತದೆ. ಬ್ಲೇಡಿನ ಉದ್ದಕ್ಕೆ ಓಡುವ ಎಳೆಗಳು ಎಳೆತ ತಡೆಯುತ್ತವೆ. ಮೇಲಿನ ಬಟ್ಟೆಯನ್ನು ಓರೆಯಾಗಿ, 45 ಡಿಗ್ರಿಗೆ ಹಾಸಿದರೆ ಬ್ಲೇಡ್ ತಿರುಚುವುದಿಲ್ಲ. ಬುಡದ ಬೋಲ್ಟಿನ ತೂತಿಗೆ ಬರೀ ರಾಳವನ್ನು ನಂಬುವಂತಿಲ್ಲ. ಗೂಟಕ್ಕೆ ಹಗ್ಗ ಸುತ್ತಿ ಮರಳಿ ತಂದ ಹಾಗೆ, ಲೋಹದ ಬಳೆಯ ಸುತ್ತ ನಾರಿನ ಎಳೆಗಳನ್ನು ಸುತ್ತಿ ಮತ್ತೆ ಬ್ಲೇಡಿನ ಉದ್ದಕ್ಕೆ ಒಯ್ದೆವು.

1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ಮೊದಲ ಸಲ ಹಾರಿತು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಒಂದು ಕವಾಟ ಸಿಕ್ಕಿಹಾಕಿಕೊಂಡು ಆಮ್ಲ ಸೋರಿತ್ತು. ರಾಕೆಟ್ ದಾರಿ ತಪ್ಪಿ ಬಂಗಾಳಕೊಲ್ಲಿಗೆ ಬಿತ್ತು. ವರ್ಷಗಳ ಶ್ರಮ ಕೆಲವೇ ನಿಮಿಷಗಳಲ್ಲಿ ನೀರುಪಾಲು. ಅಂದು ಪತ್ರಕರ್ತರ ಮುಂದೆ ಕಲಾಂ ಅವರನ್ನು ನಿಲ್ಲಿಸಲಿಲ್ಲ. ಧವನ್ ತಾವೇ ಕೂತು ಸೋಲಿನ ಹೊಣೆ ಹೊತ್ತರು, ತಂಡದ ಮೇಲೆ ತಮಗೆ ನಂಬಿಕೆ ಇದೆ ಎಂದು ಹೇಳಿದರು. ಮರುವರ್ಷ ಜುಲೈ 18ರಂದು ಅದೇ ಎಸ್‌ಎಲ್‌ವಿ-3, 35 ಕಿಲೋ ತೂಕದ ರೋಹಿಣಿಯನ್ನು ಕಕ್ಷೆಗೆ ಸೇರಿಸಿತು. ಅಂದು ಪತ್ರಕರ್ತರ ಮುಂದೆ ಮಾತಾಡಲು ಧವನ್ ಕಳಿಸಿದ್ದು ಕಲಾಂ ಅವರನ್ನು. ಈ ಘಟನೆಯನ್ನು ಕಲಾಂ ಆಮೇಲೆ ಊರೂರಿನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು.

ಇದನ್ನು ನಾಯಕತ್ವದ ಪಾಠ ಎಂದು ಎಲ್ಲರೂ ಹೇಳುತ್ತಾರೆ. ಎಂಜಿನಿಯರಿಂಗ್ ಹುಡುಗನಾದ ನನಗೆ ಇನ್ನೊಂದು ಕಾಣಿಸಿತು. ಹೊಣೆ ಹೊರುವವನಿಗೆ ತನ್ನ ವಸ್ತು ಎಲ್ಲಿ ಸೋಲುತ್ತದೆ ಎಂಬುದು ಮೊದಲೇ ಗೊತ್ತಿರಬೇಕು. ನಮ್ಮ ಬ್ಲೇಡಿನ ಮಟ್ಟಿಗೆ ಆ ಜಾಗ ಬಿಸಿಲು. ರೂಮಿನ ಶಾಖದಲ್ಲೇ ಗಟ್ಟಿಯಾದ ಎಪಾಕ್ಸಿ 50-60 ಡಿಗ್ರಿ ದಾಟಿದರೆ ಮೆತ್ತಗಾಗತೊಡಗುತ್ತದೆ. ಕಲಘಟಗಿಯ ಗೆಳತಿ ತಮ್ಮೂರಿನ ತೊಟ್ಟಿಲಿಗೆ ಹಚ್ಚುವ ಅರಗಿನ ಬಣ್ಣವನ್ನು ನೆನಪಿಸಿದಳು. ಅರಗು ಕಾಯಿಸಿದರೆ ಕರಗುತ್ತದೆ, ಎಪಾಕ್ಸಿ ಕರಗುವುದಿಲ್ಲ, ಆದರೆ ಬಿಗಿ ಕಳೆದುಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮ ಎರೆಹೊಲದ ಬಿಸಿಲಿಗೆ ಇಟ್ಟ ಕಪ್ಪು ವಸ್ತುವಿನ ಮೈ 60 ಡಿಗ್ರಿ ಸುಲಭವಾಗಿ ದಾಟುತ್ತದೆ. ಪುಸ್ತಕದ ಅಂಕಿಗಳು 25 ಡಿಗ್ರಿಯ ಲ್ಯಾಬಿನವು, ನಮ್ಮ ಮಾಳಿಗೆಯವಲ್ಲ.

ಹಾಗಾಗಿ ಪಟ್ಟಿಗಳನ್ನು ಮಾಳಿಗೆಯ ಮೇಲೆ ಬಿಸಿಲಿಗಿಟ್ಟು, ಒಂದು ತುದಿ ಕಟ್ಟಿ, ಇನ್ನೊಂದು ತುದಿಗೆ ತೂಕ ನೇತುಹಾಕಿ ಎಷ್ಟು ಬಾಗುತ್ತದೆ ಎಂದು ಅಳೆದೆವು. ಕೆಲವನ್ನು ಗಟ್ಟಿಯಾದ ಒಂದು ದಿನದ ನಂತರ ಹಳೆಯ ಟ್ರಂಕಿನಲ್ಲಿಟ್ಟು, ಬಲ್ಬುಗಳ ಶಾಖದಲ್ಲಿ ಥರ್ಮಾಮೀಟರ್ ನೋಡುತ್ತಾ 70-80 ಡಿಗ್ರಿಯಲ್ಲಿ ಕೆಲವು ಗಂಟೆ ಬೇಯಿಸಿದೆವು. ಹೀಗೆ ಬೇಯಿಸಿದ ಪಟ್ಟಿಗಳು ಬಿಸಿಲಿನಲ್ಲಿ ಕಡಿಮೆ ಬಾಗಿದವು. ಉಳಿದಿದ್ದ ಅಣುಗಳೂ ಶಾಖಕ್ಕೆ ಜೋಡಿಯಾಗುವುದೇ ಇದಕ್ಕೆ ಕಾರಣ. ಬ್ಲೇಡಿಗೆ ಬಿಳಿ ಬಣ್ಣ ಎಂದೂ ಅಂದೇ ತೀರ್ಮಾನಿಸಿದೆವು. ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಒಂದು ಮಾತು: ಗ್ಲೌಸ್ ಇಲ್ಲದೆ ಹಾರ್ಡನರ್ ಮುಟ್ಟಬೇಡಿ, ಮತ್ತು ಒಮ್ಮೆಗೇ ಜಾಸ್ತಿ ಕಲಸಬೇಡಿ. ಬೇಸಿಗೆಯಲ್ಲಿ ಕಪ್ಪಿನೊಳಗೇ ಕಾದು ಹೊಗೆಯಾಡಿಬಿಡುತ್ತದೆ.

ಧವನ್ ಕಾಲದ ಇನ್ನೊಂದು ಸಂಗತಿ ಹಳ್ಳಿಯವನಾದ ನನಗೆ ಬಹಳ ಹಿಡಿಸಿತು. 1981ರ ಜೂನ್‌ನಲ್ಲಿ ಹಾರಿದ ಆಪಲ್ ಎಂಬ ಸಂಪರ್ಕ ಉಪಗ್ರಹವನ್ನು ಅದಕ್ಕೂ ಮೊದಲು ಒಂದು ಪರೀಕ್ಷೆಗಾಗಿ ಎತ್ತಿನ ಗಾಡಿಯ ಮೇಲಿಟ್ಟರು. ಆ ಫೋಟೊ ನೋಡಿ ನಮ್ಮ ಬಡತನ ಎಂದು ನಕ್ಕವರಿದ್ದಾರೆ. ಲೋಹದ ಲಾರಿ ಆಂಟೆನಾದ ಅಲೆಗಳಿಗೆ ಅಡ್ಡಿ ಮಾಡುತ್ತದೆ, ಕಟ್ಟಿಗೆಯ ಗಾಡಿ ಮಾಡುವುದಿಲ್ಲ. ಆ ಕೆಲಸಕ್ಕೆ ಸರಿಯಾದ ವಸ್ತು ಕಟ್ಟಿಗೆಯೇ ಆಗಿತ್ತು. ಅವರು ನಿರ್ದೇಶಕರಾಗಿದ್ದಾಗಲೇ, 1974ರಲ್ಲಿ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ‘ಅಸ್ತ್ರ’ ಶುರುವಾಯಿತು. ಕಡಿಮೆ ಹೊಗೆಯ ಅಸ್ತ್ರ ಒಲೆ ಅಲ್ಲಿಂದಲೇ ಬಂದದ್ದು. ರಾಕೆಟ್ಟಿಗೂ ಒಲೆಗೂ ಒಂದೇ ಆವರಣದಲ್ಲಿ ಜಾಗವಿತ್ತು.

1984ರಲ್ಲಿ ಅವರು ಇಸ್ರೋ ಹುದ್ದೆ ಬಿಟ್ಟರು. ಹಕ್ಕಿಗಳು ಅವರಿಗೆ ಇಷ್ಟ. ಶ್ರೀಹರಿಕೋಟದ ಪಕ್ಕದ ಪುಲಿಕಾಟ್ ಸರೋವರದ ಹಕ್ಕಿಗಳನ್ನು ನೋಡುತ್ತಾ, ಹಕ್ಕಿ ಹೇಗೆ ಹಾರುತ್ತದೆ ಎಂಬುದರ ಬಗ್ಗೆಯೇ ಪುಸ್ತಕ ಬರೆದರು. ಅವರ ಕೊನೆಯ ವರ್ಷಗಳ ಬೆಂಗಳೂರು ನಾರು-ರಾಳದ ಯಂತ್ರಗಳು ಹಾರುವುದನ್ನೂ ಕಂಡಿತು. 1992ರ ಆಗಸ್ಟ್‌ನಲ್ಲಿ ಕಾಂಪೋಸಿಟ್ ಬ್ಲೇಡುಗಳ ಎಚ್‌ಎಎಲ್ ಹೆಲಿಕಾಪ್ಟರ್, ಇಂದಿನ ಧ್ರುವ್, ಮೊದಲ ಸಲ ಮೇಲೇರಿತು. ಮರುವರ್ಷ ರಾಷ್ಟ್ರೀಯ ಪ್ರಯೋಗಾಲಯದ ಹಂಸ ವಿಮಾನ ಹಾರಿತು. 2002ರ ಜನವರಿ 3ರಂದು ಧವನ್ ಬೆಂಗಳೂರಿನಲ್ಲಿ ತೀರಿಕೊಂಡರು. ಆ ವರ್ಷವೇ ಶ್ರೀಹರಿಕೋಟದ ಕೇಂದ್ರಕ್ಕೆ ಅವರ ಹೆಸರಿಟ್ಟರು.

ನಾವು ಆರಿಸಿದ್ದು ತೆಳುವಾದ ಎಪಾಕ್ಸಿ, ತೂಗಿ ಹಾಕಿದ ಹಾರ್ಡನರ್, ಆಮೇಲೆ ಟ್ರಂಕಿನ ಶಾಖ. ಮೊದಲ ಜೋಡಿ ಬ್ಲೇಡುಗಳು ತಯಾರಾಗಿವೆ. ಎರಡರ ತೂಕದ ವ್ಯತ್ಯಾಸ ಗ್ರಾಮಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಆದರೂ ಅವನ್ನು ಇನ್ನೂ ತಿರುಗಿಸಿಲ್ಲ. ಮೊದಲು ಒಂದೊಂದರ ಬುಡಕ್ಕೂ ಎರಡು ಪಟ್ಟು ಭಾರ, ಅಂದರೆ ಒಂದು ಕ್ವಿಂಟಲ್ ಕಡಲೆ ನೇತುಹಾಕಿ ನೋಡಬೇಕು. ಚೀಲ ಕೊಡಲು ಅಪ್ಪ ಒಪ್ಪಿದ್ದಾರೆ. ಬ್ಲೇಡ್ ತಡೆದರೆ ಊರ ಹೊರಗೆ, ಸುತ್ತ ಮರಳು ಚೀಲದ ಗೋಡೆ ಕಟ್ಟಿ, ಹುಡುಗರನ್ನು ದೂರ ಕಳಿಸಿ ತಿರುಗಿಸುತ್ತೇವೆ. ತಡೆಯದಿದ್ದರೆ ಎಲ್ಲಿ ಕಿತ್ತಿತು ಎಂದು ನೋಡಿ, ಅಳೆದು, ಇನ್ನೊಂದು ಜೋಡಿ ಮಾಡುತ್ತೇವೆ. ಪರೀಕ್ಷೆಯ ವರದಿಯ ಕೆಳಗೆ ನಾಲ್ವರೂ ಸಹಿ ಹಾಕುವುದೆಂದು ಮಾತಾಗಿದೆ.